ವೈಕುಂಠ ಶೆಣೈರ ಮರಿದೋಣಿ

ನಾನು ದೋಣಿ, ಅದೂ ಮರಿದೋಣಿ. ಗಂಗೊಳ್ಳಿಯ ಹೊಳೆದಂಡೆಯಲ್ಲಿ ದೊಡ್ಡದೊಂದು ಮಂಜಿ ಕಟ್ಟುತ್ತಿದ್ದಾಗ, ಅದಕ್ಕೆ ಉಪಯೋಗಿಸಿ ಉಳಿದ ಹಲಗೆಗಳಲ್ಲಿ ಆಚಾರಿಗಳು ನನ್ನನ್ನು ಮಾಡಿದರು. ಮಂಜಿ ಎಂದರೆ ಹಾಯಿ ಬಿಚ್ಚಿಕೊಂಡು ಮುಂಬಯಿಯವರೆಗೆ ಹಂಚು ಹೊತ್ತು ಹೋಗುವ ಮರದ ಹಡಗು. ಬಂದರು ಮುಟ್ಟಿದಾಗ ಅದರ ಜನರನ್ನು ದಡಕ್ಕೆ ಬಿಡುವುದು, ಲಂಗರು ಎಲ್ಲಾದರೂ ಸಿಕ್ಕಿಕೊಂಡರೆ ಬಿಡಿಸಲು ಹೋಗುವುದು ನನ್ನ ಕೆಲಸ. ಉಳಿದ ಹೊತ್ತು ಮಂಜಿಯ ಮೇಲೆ ಬೋರಲು ಮಲಗಿ ಖಲಾಸಿಗಳ ಹರಟೆ ಕೇಳುತ್ತಿದ್ದೆ. ಇದಕ್ಕಿಂತ ಸುಖದ ಬಾಳು ಯಾರಿಗಿದೆ ಹೇಳಿ!

ನಮ್ಮನ್ನು ನೀರಿಗಿಳಿಸಿದ ದಿನ ಮೊದಲ ತೆಂಗಿನಕಾಯಿ ಒಡೆದದ್ದು ಮಂಜಿಗಲ್ಲ, ನನಗೆ. ಅದು ಅಲ್ಲಿಯ ಕ್ರಮ. ಕಡಲಿನ ನಡುವೆ ತಾಯಿಗೆ ಏನಾದರೂ ಆದರೆ ಜನರನ್ನು ಮನೆಗೆ ತರಬೇಕಾದದ್ದು ಮರಿ ತಾನೆ? ಚುಕ್ಕಾಣಿ ಹಿಡಿಯುವ ಯಾವ ತಂಡೇಲನೂ ಮರಿ ಮೇಲೇರದೆ ಮಂಜಿಯನ್ನು ಅಳಿವೆ ದಾಟಿಸುತ್ತಿರಲಿಲ್ಲ. ಹೊಳೆ ಕಡಲಿಗೆ ಸೇರುವ ಆ ಬಾಯಿಯನ್ನು ನಾನಿಲ್ಲದೆ ದಾಟುವವರಿಲ್ಲ ಎಂಬ ಜಂಬ ನನಗೆ ಸಾಕಷ್ಟಿತ್ತು.

ನಮ್ಮ ಒಡೆಯರು ವೈಕುಂಠ ಶೆಣೈ. ನಾನು ಕೆಳಗಿನಿಂದ ನೋಡುವ ಜಾತಿ, ಆದ್ದರಿಂದ ಅವರ ಮುಖಕ್ಕಿಂತ ಮೊದಲು ಪಾದದ ಪರಿಚಯವಾಯಿತು. ಬರಿಗಾಲು, ಯಾವಾಗಲೂ ಒದ್ದೆ. ಬೇರೆ ವ್ಯಾಪಾರಿಗಳು ಅಂಗಡಿಯ ಗಾದಿಯ ಮೇಲೆ ಕುಳಿತು ಮಂಜಿ ಕಳಿಸುತ್ತಿದ್ದರೆ, ಇವರು ಹಂಚಿನ ಜೊತೆ ತಾವೂ ಹೊರಡುವ ಮನುಷ್ಯ. ಖಲಾಸಿಗಳ ಅನ್ನವನ್ನೇ ಉಣ್ಣುತ್ತಿದ್ದರು. ಉಪ್ಪು ಹೆಚ್ಚಾದರೆ ಅಡುಗೆಯವನನ್ನು ಹಿಡಿದು ಗೋಳು ಹೊಯ್ದುಕೊಳ್ಳುತ್ತಿದ್ದರು.

ಒಮ್ಮೆ ವೆಂಗುರ್ಲೆಯ ಆಚೆ ಗಾಳಿ ಎದ್ದು, ಹಾಯಿಯ ಮರ ತಿರುಗಿ ಶೆಣೈರನ್ನು ನೀರಿಗೆ ಎತ್ತಿ ಹಾಕಿತು. ತಂಡೇಲ ಜಟ್ಟಿ ಖಾರ್ವಿ ಕಣ್ಣುಮುಚ್ಚಿ ತೆರೆಯುವುದರೊಳಗೆ ನನ್ನನ್ನು ಕೆಳಗಿಳಿಸಿ, ಹುಟ್ಟು ಹಾಕಿ, ಒಡೆಯರ ತಲೆಕೂದಲು ಹಿಡಿದು ಒಳಗೆಳೆದುಕೊಂಡ. ಕುಡಿದ ಕಡಲನ್ನೆಲ್ಲ ಅವರು ನನ್ನ ಮೈಮೇಲೇ ಕಾರಿಕೊಂಡರು. ನಾನು ಬೇಸರಿಸಲಿಲ್ಲ. ಉಸಿರು ಬಂದ ಮೇಲೆ ನನ್ನ ಅಂಚನ್ನು ತಬ್ಬಿಕೊಂಡು, "ಜಟ್ಟಿ, ಇದ್ ದೋಣಿಯಲ್ಲ ಮಾರಾಯಾ, ನನ್ನ್ ಪಾಲಿನ್ ದೇವ್ರ್" ಎಂದರು. ಸಂತೋಷದಿಂದ ನನ್ನ ಹಲಗೆಗಳೆಲ್ಲ ಉಬ್ಬಿಹೋದವು.

ವರ್ಷಗಳು ಕಳೆದವು. ಶೆಣೈರಿಗೆ ಹೆಸರು ಬಂತು, ಪಾದಕ್ಕೆ ಚಪ್ಪಲಿ ಬಂತು. ಜೊತೆಗೇ ರಸ್ತೆ, ಸೇತುವೆ, ಲಾರಿಗಳೂ ಬಂದವು. ಹಂಚು ಲಾರಿ ಹತ್ತತೊಡಗಿತು. ಒಂದೊಂದೇ ಮಂಜಿ ದಡದಲ್ಲಿ ಬಿಸಿಲು ಕಾಯುತ್ತ ಕುಳಿತಿತು. ಸರಕಾರ ಸರಿಯಾದ ಬಂದರು ಕಟ್ಟಿಸಿದರೆ ಕಸುಬು ಉಳಿದೀತು, ಆದರೆ ಅದನ್ನು ಕೇಳುವವರು ವಿಧಾನಸಭೆಯಲ್ಲಿ ಇರಬೇಕಲ್ಲ ಎಂದು ಊರಿನವರು ಶೆಣೈರ ಬೆನ್ನು ಹತ್ತಿದರು. ಅಷ್ಟರಲ್ಲಿ ಉಪಚುನಾವಣೆ ಬಂತು. ಶೆಣೈರು ಪಕ್ಷೇತರರಾಗಿ ನಿಂತರು. ಅವರಿಗೆ ಸಿಕ್ಕ ಗುರುತು ದೋಣಿ.

ಮಳೆಗಾಲ ಹಿಡಿಯುವ ಮುಂಚಿನ ದಿನಗಳು. ಕೊನೆಯ ಹಂಚಿನ ಹೇರು ತುಂಬಿಕೊಂಡು ನಮ್ಮ ಮಂಜಿ ಹೊರಡಲು ನಿಂತಿತ್ತು. ಆಗ ಶೆಣೈರು ಬಂದು ನನ್ನನ್ನು ಕೆಳಗಿಳಿಸಿ ಲಾರಿಗೆ ಹತ್ತಿಸಲು ಹೇಳಿದರು. ಜಟ್ಟಿ ತಲೆ ಕೆರೆದುಕೊಂಡ.

"ಒಡೇರೆ, ಮರಿ ಇಲ್ದೆ ಅಳಿವೆ ದಾಟುಕ್ ಆತಿಲ್ಲೆ."

"ಕಾರ್ವಾರಕ್ಕೆ ಹೋಯ್ ಬಪ್ಪುದ್ ಮಾರಾಯಾ, ಬೊಂಬಾಯಿಗಲ್ಲ. ಓಟ್ ಮುಗ್ದ್ ಕೂಡ್ಲೆ ಮರಿ ನಿಂಗೇ."

"ಲಾರಿಗೆ ಮೀನಿನ್ ದೋಣಿ ಯಾವ್ದಾರೂ ಹತ್ಸಿ. ಗದ್ದೆಯೋರಿಗ್ ಎಂತ ಗೊತ್ತಾತ್ತ್?"

ಶೆಣೈರಿಗೆ ಸಿಟ್ಟೇ ಬಂತು. "ನನ್ನ್ ಜೀವ ಉಳ್ಸದ್ ಇದೇ ದೋಣಿ ಅಂದೇಳಿ ಜನರ್ ಮುಂದ್ ಹೇಳುದ್ ನಾನ್. ಬೇರೆ ದೋಣಿ ತೋರ್ಸಿ ಸುಳ್ಳ್ ಹೇಳ್ಕಾ?"

ನೋಡಿ, ಸುಳ್ಳು ಹೇಳಬಾರದೆಂದೇ ಅವರು ನನ್ನನ್ನು ಕೊಂಡೊಯ್ದರು. ನನ್ನ ಬದಲು ಹತ್ತಿಸೋಣವೆಂದರೆ ಉದ್ದನೆಯ ಮೀನಿನ ದೋಣಿ ಮಂಜಿಯ ಮೇಲೆ ಕೂರುವಂಥದ್ದಲ್ಲ. ಇನ್ನೂ ಓಡುತ್ತಿದ್ದ ಮಂಜಿಗಳ ಮರಿಗಳು ತಮ್ಮ ತಾಯಿಯರ ಜೊತೆ ಹೋಗಿದ್ದವು, ದಡದಲ್ಲಿ ಕುಳಿತವುಗಳ ಮರಿಗಳು ಒಣಗಿ ಬಿರುಕು ಬಿಟ್ಟಿದ್ದವು. ಒಡೆಯರ ಮಾತು ಮೀರಿ ಗೊತ್ತಿಲ್ಲದ ಜಟ್ಟಿ ನನ್ನ ಬೆನ್ನು ತಟ್ಟಿ ಹೋದ.

ಲಾರಿಯ ಮೇಲೆ ನಾನು ಘಟ್ಟದ ಬುಡದ ಹಳ್ಳಿಗಳನ್ನೆಲ್ಲ ಸುತ್ತಿದೆ. ದೋಣಿಗೆ ಹೂವಿನ ಹಾರ, ದೋಣಿಗೆ ಆರತಿ! ಒಬ್ಬ ಅಜ್ಜಿ ನನ್ನನ್ನು ಮುಟ್ಟಿ ನೋಡಿ, ಇದಕ್ಕೆ ಚಕ್ರ ಎಲ್ಲಿದೆ ಎಂದು ಕೇಳಿದಳು. ಶೆಣೈರು ನನ್ನೊಳಗೇ ನಿಂತು ಮೈಕು ಹಿಡಿಯುತ್ತಿದ್ದರು. ಈಗ ಪಾದಕ್ಕೆ ಬೂಟು. ವೆಂಗುರ್ಲೆಯ ಕಥೆ ಊರಿಂದೂರಿಗೆ ಉದ್ದವಾಗುತ್ತ ಹೋಯಿತು, ಅಲೆಗಳೂ ಎತ್ತರವಾಗುತ್ತ ಹೋದವು. ನನಗೆ ನಗು ಬರುತ್ತಿತ್ತು.

ಹೊಸಂಗಡಿಯಲ್ಲಿ ಸಭೆ ನಡೆಯುತ್ತಿತ್ತು. ಸಂಜೆಯ ಗಾಳಿಗೆ ಮಾವಿನ ಮರಗಳು ತೂಗುತ್ತಿದ್ದವು. "ಈ ದೋಣಿ ನನ್ನನ್ನು ಮುಳುಗಲು ಬಿಡಲಿಲ್ಲ, ನಾನು ನಿಮ್ಮನ್ನು ಮುಳುಗಲು ಬಿಡುವುದಿಲ್ಲ" ಎಂದು ಅವರು ಹೇಳುತ್ತಿದ್ದಾಗ ಬಂದರಿನ ಗುಮಾಸ್ತ ಲಾರಿ ಹತ್ತಿ ಅವರ ಕಿವಿಯ ಹತ್ತಿರ ಬಗ್ಗಿದ. ನಾನು ಕಾಲ ಬುಡದಲ್ಲೇ ಇದ್ದೆನಲ್ಲ, ನನಗೂ ಕೇಳಿಸಿತು. ಭಟ್ಕಳದ ಆಚೆ ಗಾಳಿಗೆ ಸಿಕ್ಕಿ ನಮ್ಮ ಮಂಜಿ ಒಡೆದು ಮುಳುಗಿತ್ತು. ನೀರಿನ ಪೀಪಾಯಿ ಹಿಡಿದುಕೊಂಡಿದ್ದ ಇಬ್ಬರು ಮಾತ್ರ ದಡ ಸೇರಿದ್ದರು. ಪೀಪಾಯಿಯನ್ನು ಅವರತ್ತ ನೂಕಿದವನು ಜಟ್ಟಿ. ಅವನು ಬರಲಿಲ್ಲ.

ಆ ಕ್ಷಣ ನನಗಾದ ಆಘಾತವನ್ನು ಹೇಗೆ ಹೇಳಲಿ? ಅವರು ಮುಳುಗುತ್ತಿದ್ದಾಗ ನಾನು ಸೇವಂತಿಗೆ ಹಾರ ಹಾಕಿಕೊಂಡು ಒಣನೆಲದ ಮೇಲೆ ಮೆರೆಯುತ್ತಿದ್ದೆ.

ಶೆಣೈರ ಬೂಟು ನನ್ನ ಅಂಚಿನತ್ತ ಸರಿಯಿತು. ಇನ್ನೇನು ಮೈಕು ಬಿಟ್ಟು ಗಂಗೊಳ್ಳಿಗೆ ಓಡುತ್ತಾರೆ ಅಂದುಕೊಂಡೆ. ಅವರು ಮೈಕು ಬಿಡಲಿಲ್ಲ. "ಮಹಾಜನರೇ, ನನ್ನ ಮಂಜಿ ಹೋಯಿತು, ನನ್ನ ಮಕ್ಕಳಂಥವರು ಹೋದರು. ಆದರೂ ನಿಮ್ಮ ಮುಂದೆ ನಿಂತಿದ್ದೇನೆ" ಎಂದು ಅತ್ತರು. ನಿಜವಾದ ಕಣ್ಣೀರೇ, ನನ್ನ ಮೇಲೆ ಬಿತ್ತು. ಸಭೆಗೆ ಸಭೆಯೇ ಅತ್ತಿತು. ಮಂಜಿಯ ಮೇಲೆ ಇರಬೇಕಾದ ಮರಿ ಇಲ್ಲೇ ತಮ್ಮ ಕಾಲ ಕೆಳಗಿದೆ ಎಂಬ ಒಂದು ಮಾತನ್ನು ಮಾತ್ರ ಅವರು ಹೇಳಲಿಲ್ಲ. ಆ ದಿನ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ಬಂದರಿನವರಿಗೆ ಎಲ್ಲ ಗೊತ್ತಿತ್ತು. ಶೆಣೈರು ನಮ್ಮವರು, ಬಂದರು ಮಾಡಿಸಿಕೊಡುವವರು ಎಂದು ಅವರೂ ಬಾಯಿ ಬಿಡಲಿಲ್ಲ.

ಶೆಣೈರು ಭಾರೀ ಮತಗಳಿಂದ ಗೆದ್ದರು. ಮುಂದೆ ಪಕ್ಷವೊಂದನ್ನು ಸೇರಿ ಮಂತ್ರಿಯೂ ಆದರು. ಅದೃಷ್ಟದ ದೋಣಿ ಎಂದು ನನ್ನನ್ನೂ ಬೆಂಗಳೂರಿನ ಬಂಗಲೆಗೆ ತರಿಸಿಕೊಂಡರು. ಮೊದಲು ಬಂದವರಿಗೆಲ್ಲ ತೋರಿಸುತ್ತಿದ್ದರು, ಆಮೇಲೆ ಮರೆತರು. ಒಂದು ದಿನ ತೋಟದ ಮಾಲಿ ಬಂದು ನನ್ನ ತಳಕ್ಕೆ ಸಾಲಾಗಿ ತೂತು ಕೊರೆದ. ನಾನು ಹೌಹಾರಿದೆ. ದೋಣಿಯ ತಳಕ್ಕೆ ಬೇಕೆಂದೇ ತೂತು! ಶೆಣೈರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. "ಇನ್ನೂ ಎರಡು ಹೊಡಿ, ನೀರು ನಿಂತರೆ ಬೇರು ಕೊಳೆಯುತ್ತೆ" ಎಂದರು. ಮಾಲಿ ನನ್ನೊಳಗೆ ಮಣ್ಣು ತುಂಬಿ ಕ್ರೋಟನ್ ನೆಟ್ಟ.

ಕೆಲವು ವರ್ಷಗಳ ಮೇಲೆ ಜಟ್ಟಿಯ ಹೆಂಡತಿ ದುರ್ಗಿ ಬಂಗಲೆಗೆ ಬಂದಳು. ಕೂದಲು ಬೆಳ್ಳಗಾಗಿತ್ತು. ಗೇಟಿನವರು ತಡೆದರೂ ಶೆಣೈರೇ ಗುರುತು ಹಿಡಿದು ಒಳಗೆ ಕರೆದರು, ಕಾಫಿ ಕೊಡಿಸಿದರು.

"ಎಂತ ಬೇಕ್ ದುರ್ಗಿ? ಮಗನಿಗ್ ಕೆಲ್ಸವಾ?"

"ಮಗ ಈಗ ಬೇರೆಯೋರ್ ಮಂಜಿಗೆ ತಂಡೇಲ. ಅದ್ಕೆ ಮರಿ ಇಲ್ಲೆ. ಹೊಸ್ತ್ ಮಾಡ್ಸುಕೆ ಆ ಒಡೇರ್ ಒಪ್ಪುದಿಲ್ಲೆ. ನಮ್ಮ್ ಹಳೇ ಮರಿ ಕೊಟ್ರೆ ಸಾಕ್."

"ಅಷ್ಟೇಯಾ! ನಾಳೆಯೇ ಲಾರಿಗ್ ಹಾಕ್ಸಿ ಕಳಸ್ತೆ" ಎಂದು ಶೆಣೈರು ತಾವೇ ಎದ್ದು ಅವಳನ್ನು ತೋಟಕ್ಕೆ ಕರೆತಂದರು. ಮತ್ತೆ ಕಡಲು! ಜಟ್ಟಿಯ ಮಗನ ಕೈಯ ಹುಟ್ಟು! ನನಗೆ ಕುಣಿಯುವಷ್ಟು ಸಂತೋಷವಾಯಿತು.

ಮಾಲಿ ಗಿಡ ಕಿತ್ತು, ಮಣ್ಣು ತೆಗೆದು ನನ್ನನ್ನು ಓರೆ ಮಾಡಿದ. ತಳದ ತೂತುಗಳಿಂದ ಬೆಳಕು ಬಂತು. ದುರ್ಗಿ ಒಂದೊಂದನ್ನೂ ಬೆರಳಿಂದ ಮುಟ್ಟಿದಳು. ಹೆಬ್ಬೆರಳು ಒತ್ತಿದಲ್ಲಿ ಕೊಳೆತ ಹಲಗೆ ಪುಡಿಪುಡಿಯಾಗಿ ಉದುರಿತು.

"ಒಡೇರೆ, ದೋಣಿಗ್ ತೂತ್ ಹೊಡ್ಸುದಾ?"

ಶೆಣೈರು ಬಗ್ಗಿ ತಾವೂ ಒಂದು ತೂತಿಗೆ ಬೆರಳು ಹಾಕಿ ನೋಡಿದರು. ಭಾಷಣಕ್ಕೆ ಎಂದೂ ತಡವರಿಸದ ಮನುಷ್ಯ ಮೆಲ್ಲಗೆ ಹೇಳಿದರು:

"ಇದ್ ದೋಣಿ ಅಂದೇಳಿ ನಂಗ್ ನೆನ್ಪೇ ಆಯ್ಲಿಲ್ಲೆ ದುರ್ಗಿ."

"ನಂಗ್ ದಿನಾ ನೆನ್ಪಾತಿತ್ತ್ ಒಡೇರೆ" ಎಂದಳು ಅವಳು. ಸೆರಗಿನಿಂದ ಕೈಯ ಮಣ್ಣು ಒರೆಸಿಕೊಂಡು ಗೇಟಿನ ಕಡೆ ನಡೆದಳು. ಹೊಸ ಮರಿ ಮಾಡಿಸಿ ಕೊಡುತ್ತೇನೆ ಎಂದು ಶೆಣೈರು ಹಿಂದಿನಿಂದ ಕೂಗಿದರು. ಅವಳು ತಿರುಗಲಿಲ್ಲ.

ಅಂದೇ ಮಾಲಿ ಮಣ್ಣನ್ನು ಮತ್ತೆ ನನ್ನೊಳಗೆ ತುಂಬಿದ. ಹೊಸ ಮರಿ ಹೋಯಿತೋ ಇಲ್ಲವೋ ನನಗೆ ಗೊತ್ತಿಲ್ಲ, ಅದರ ಮಾತು ಈ ತೋಟದಲ್ಲಿ ಕೇಳಿಬಂದಿಲ್ಲ. ಜಟ್ಟಿಯ ಮಗ ಈಗ ಎಲ್ಲಿದ್ದಾನೋ, ಗಾಳಿ ಎದ್ದಾಗ ಏನು ಮಾಡುತ್ತಾನೋ. ನನ್ನ ಗಿಡಗಳು ಮಾತ್ರ ಚೆನ್ನಾಗಿ ಬಂದಿವೆ, ನೋಡಿದವರೆಲ್ಲ ಹೊಗಳುತ್ತಾರೆ.