ಮೊಂಡ್ಯಾನ ಸಾಲಿ

“ಏಳ್ತಿಯೋ ಇಲ್ಲೋ ಗೊಡ್ಡ ರಂಡೇ? ತಿಕಕ್ಕ ಹುಲ್ಲಿಟ್ಟು ಬೆಂಕಿ ಹಚ್ಚಲೇನು?”

ಸಾತಪ್ಪ ಬಾರಕೋಲು ಬೀಸಿದ. ಎಮ್ಮೆ ಏಳಲಿಲ್ಲ. ಜಾಂಬೋಟಿ ಕಾಡಿನ ಏರಿನಲ್ಲಿ, ಸರಪಳಿ ಬಿಗಿದ ದಿಮ್ಮಿಯ ಮುಂದೆ, ಮುಂಗಾಲು ಮಡಚಿ ಕೆಸರಲ್ಲಿ ಕೂತೇಬಿಟ್ಟಿದ್ದಳು. ನೊಗದ ಇನ್ನೊಂದು ತುದಿಗಿದ್ದ ಕೋಣ ತನಗೂ ಇದಕ್ಕೂ ಸಂಬಂಧವಿಲ್ಲದವನಂತೆ ಮುಂದೆ ನೋಡುತ್ತಿದ್ದ. ಅವನ ಎಡಗೊಂಬು ಅರ್ಧಕ್ಕೆ ಮುರಿದಿತ್ತು. ಅದಕ್ಕೇ ಅವನು ಮೊಂಡ್ಯಾ.

“ಕೈ ಯಾಕ ನೋಯಿಸ್ಕೋತಿಯೋ ಸಾತ್ಯಾ?” ಮರದ ಗುತ್ತಿಗೆ ಹಿಡಿದಿದ್ದ ಧಣಿ ಬಸಲಿಂಗಪ್ಪ ಕಲ್ಲಿನ ಮೇಲೆ ಕೂತಲ್ಲಿಂದಲೇ ನಕ್ಕ. “ಮೊಂಡ್ಯಾನ ಸಾಲಿಗಿ ಹಚ್ಚೀವಲ್ಲ, ಅಂವನಽ ಕಲಸ್ತಾನ ತಗೋ.”

ಮೊಂಡ್ಯಾ ಕಲಿಸಿದ. ಕುತ್ತಿಗೆ ತಗ್ಗಿಸಿ ತನ್ನ ಕಡೆಯ ನೊಗವನ್ನು ಕೆಳಗೆ ಒತ್ತಿದ. ಆ ಕಡೆಯ ತುದಿ ಮೇಲೆದ್ದಿತು. ಅಲ್ಲಿ ಕಟ್ಟಿದ್ದ ಹಗ್ಗ ಕೂತವಳ ಗಂಟಲನ್ನು ಹಿಚುಕಿತು. ಕಣ್ಣು ಹೊರಗೆ ಬಂದವು, ನಾಲಿಗೆ ಹೊರಬಿತ್ತು. ಗೊರಗೊರ ಸದ್ದು ಮಾಡುತ್ತ ಎಮ್ಮೆ ಎದ್ದು ನಿಂತಳು.

“ಹಂಗ ಬಾ ಹಾದಿಗೆ!” ಅಂದ ಸಾತಪ್ಪ.

ಈ ಒತ್ತುವ ಕಲೆಯನ್ನು ಮೊಂಡ್ಯಾನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮನುಷ್ಯರ ತಲೆಗೆ ಅದು ಹೊಳೆದೂ ಇರಲಿಲ್ಲ. ಏಳು ವರ್ಷದ ಹಿಂದೆ ಜೊತೆಗಿದ್ದ ಎಳೆಯ ಕೋಣವೊಂದು ಕೂತಾಗ, ಏಟು ಇಬ್ಬರ ಬೆನ್ನಿಗೂ ಬೀಳುತ್ತಿತ್ತು. ನೋವಿಗೆ ಇವನು ತಲೆ ತಗ್ಗಿಸಿದ. ಆ ಕಡೆಯವನು ಉಸಿರುಗಟ್ಟಿ ಎದ್ದ, ಏಟು ನಿಂತಿತು. ಮೊದಲ ಸಲ ಅದು ಗೊತ್ತಿಲ್ಲದೆ ಆದದ್ದು. ಎರಡನೆಯ ಸಲ ಗೊತ್ತಿದ್ದೇ ಮಾಡಿದ. ಅಲ್ಲಿಂದ ಈಚೆಗೆ ಹೊಸ ಕೋಣ ಯಾವುದು ಬಂದರೂ ಎಂಟು ದಿನ ಮೊಂಡ್ಯಾನ ಜೊತೆ ಹೂಡುವುದು ವಾಡಿಕೆಯಾಯಿತು. ಹನ್ನೊಂದು ಕೋಣಗಳು ಅವನ ಸಾಲಿ ಕಲಿತು ಹೋದವು. ಅವನಿಗೆ ಸಂಜೆಗೊಂದು ಬುಟ್ಟಿ ಹಿಂಡಿ, ಮಳೆಯಲ್ಲಿ ಚಪ್ಪರದ ಕೆಳಗೆ ಜಾಗ. ಉಳಿದ ಕೋಣಗಳು ಹೊರಗೆ ನೆನೆಯುತ್ತಿದ್ದವು. ಅವನ ಹತ್ತಿರ ಯಾರೂ ಮಾತಾಡುತ್ತಿರಲಿಲ್ಲ.

ಹನ್ನೆರಡನೆಯವಳು ಈ ಎಮ್ಮೆ, ಕಾಡವ್ವ. ಮೂರು ವರ್ಷ ಕರು ಹಾಕಲಿಲ್ಲವೆಂದು ಗೊಡ್ಡು ಎಮ್ಮೆಯ ಬೆಲೆಗೆ ಧಣಿ ಸಂತೆಯಲ್ಲಿ ಕೊಂಡಿದ್ದ. ಎಮ್ಮೆಗೆ ನೊಗ ಹೂಡುವುದು ಎಲ್ಲೂ ಇಲ್ಲದ ಪದ್ಧತಿ. ಆದರೆ ಆ ವರ್ಷ ಅವಸರವಿತ್ತು. ಬೆಳಗಾವಿಯಲ್ಲಿ ದೇಶದ ದೊಡ್ಡವರೆಲ್ಲ ಸೇರುವ ಸಭೆ. ಟಿಳಕವಾಡಿಯ ಬಾಜೂಕಿನ ಬಯಲಲ್ಲಿ ಮಂಟಪ ಏಳುತ್ತಿತ್ತು. ಅದಕ್ಕೆ ಕಂಬ ಬೇಕು, ಕಂಬಕ್ಕೆ ಕಾಡು ಬೇಕು. ಬಸಲಿಂಗಪ್ಪ ರುಮಾಲು ಬಿಚ್ಚಿಟ್ಟು ಬಿಳಿ ಟೊಪ್ಪಿಗೆ ಹಾಕಿಕೊಂಡಿದ್ದ.

ಹೊತ್ತು ಮುಳುಗುವಾಗ ನೊಗ ಬಿಚ್ಚಿದರು. ಧಣಿಯ ಸವಾರಿ ಬಂಡಿಯ ಬಿಳಿ ಎತ್ತುಗಳು ಆಚೆ ಜೋಳದ ಸೊಪ್ಪೆ ಮೇಯುತ್ತಿದ್ದವು. ಧಣಿ ಹೋಗಿ ಅವುಗಳ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡು, “ಬಸವಣ್ಣಾ, ನನ್ನಪ್ಪಾ” ಅಂದ.

ಕಾಡವ್ವ ಅದನ್ನೇ ನೋಡುತ್ತಿದ್ದಳು. ಇನ್ನೂ ಗೊರಗುಡುವ ಗಂಟಲಲ್ಲೇ ಮೊಂಡ್ಯಾನನ್ನು ಕೇಳಿದಳು:

“ಯಣ್ಣಾ, ಆ ಬಸವಣ್ಣನ ಕಾಲದಾಗ ಜಾತಿ ಇರಲಿಲ್ಲಂತ, ಖರೇ ಏನು?”

“ಹಂಗಂತಾರ.”

“ಮತ್ತ ಎತ್ತಿಗಿ ಕೈ ಮುಗೀತಾರ, ನಮಗ ಕೋಲು ತಗೋತಾರ?”

“ನಮ್ಮ ಬಣ್ಣ ನೋಡೀಯೇನು?”

ಅವಳು ನಕ್ಕಳು. ಏಳು ವರ್ಷದಲ್ಲಿ ಅವನ ಮಾತಿಗೆ ಯಾರಾದರೂ ನಕ್ಕದ್ದು ಅದೇ ಮೊದಲು. ಆಮೇಲೆ ದನಿ ತಗ್ಗಿಸಿ ಅಂದಳು: “ನಾ ಗೊಡ್ಡಲ್ಲ ಯಣ್ಣಾ. ಆರು ತಿಂಗಳಾತು. ಒಳಗ ಒದೀತೈತಿ.”

ಮೊಂಡ್ಯಾ ಮೆಲುಕು ನಿಲ್ಲಿಸಿದ. ಅವನಿಗೆ ಅದು ಮೊದಲ ದಿನವೇ ಗೊತ್ತಿತ್ತು. ಅವಳ ವಾಸನೆಯೇ ಮೂಗಿಗೆ ಬಡಿದಿತ್ತು. ಗೊತ್ತಿದ್ದೂ ಒತ್ತಿದ್ದ.

“ನೀ ಒತ್ತಬ್ಯಾಡ, ಅಷ್ಟಽ ಸಾಕು,” ಅಂದಳು. “ಉಸರು ತಗೊಂಡು ನಾನಽ ಏಳತೇನಿ.”

“ಹೂಂ,” ಅಂದ.

ಸಾತಪ್ಪನ ಹೆಂಡತಿ ರೇಣವ್ವ ದಿಮ್ಮಿಗಳ ತೊಗಟೆ ಸುಲಿಯುವ ಕೆಲಸದವಳು. ಮರುದಿನ ಬೆಳಿಗ್ಗೆ ಕಾಡವ್ವನ ಪಕ್ಕೆಗೆ ಕೈಯಿಟ್ಟು ನಿಂತವಳು ಗಂಡನನ್ನು ಕೂಗಿದಳು. “ಇದರ ಹೊಟ್ಟ್ಯಾಗ ಜೀವ ಐತಿ ನೋಡು. ಹೋಗಿ ಧಣ್ಯಾರಿಗಿ ಹೇಳು.”

ಸಾತಪ್ಪ ಹೋದ. ಹತ್ತು ಹೆಜ್ಜೆ ಆಚೆ ನಿಂತ.

“ಇನ್ನಷ್ಟು ಸರಿಯೋ, ನಿನ್ನ ನೆರಳು ತಾಟಿಗಿ ಬೀಳಾಕತ್ತೈತಿ,” ಅಂದ ಧಣಿ. ಹಾಲಲ್ಲಿ ರೊಟ್ಟಿ ಕಲಸಿಕೊಂಡು ಉಣ್ಣುತ್ತಿದ್ದ.

ಸಾತಪ್ಪ ಸರಿದು ನಿಂತು ಹೇಳಿದ.

“ನಿನ್ನ ಹೆಂಡ್ತಿ ಯಾವಾಗ ಸೂಲಗಿತ್ತಿ ಆದ್ಲೋ ಭಾಡ್ಯಾ? ಸಂತ್ಯಾಗ ನಾಕ ಮಂದಿ ನೋಡಿ ಗೊಡ್ಡ ಅಂದಾರ. ಅವರಿಗಿಂತ ನಿಮ್ಮ ಕೇರಿ ಹೆಂಗಸಿಗಿ ಬಾಳ ತಿಳೀತೈತೇನು?”

“ಅಲ್ರಿ ಯಪ್ಪಾ, ಎರಡ ದಿನ ಬಿಟ್ಟು—”

“ಇದು ದೇಶದ ಕೆಲಸೋ! ಸ್ವರಾಜ್ಯ ಬಂದ ಮ್ಯಾಲ ನಿನಗೂ ಒಳಗ ಬರಾಕ ಕೊಡ್ತಾರ, ನಿನ್ನ ಎಮ್ಮಿಗೂ ಕೊಡ್ತಾರ. ಈಗ ನೊಗ ಹೂಡು. ಇಲ್ಲಂದ್ರ ನಿನ್ನ ಹೆಂಡ್ತೀನ್ನ ಹೂಡತೇನಿ ನೋಡು, ಸೂಳೆಮಗನ.”

ಧಣಿಯ ಸುತ್ತ ಕೂತಿದ್ದವರು ನಕ್ಕರು. ಸಾತಪ್ಪನೂ ನಗಬೇಕಾಯಿತು. ಬಂದವನೇ ರೇಣವ್ವನ ಮುಖ ನೋಡದೆ ನೊಗ ಹೂಡಿದ.

ಹಳ್ಳದ ಏರು ಬಂತು. ಹಿಂದಿನ ರಾತ್ರಿ ಕಡೆಗಾಲದ ಮಳೆ ಒಂದು ಬಿದ್ದು ಮಣ್ಣು ಬೆಣ್ಣೆಯಾಗಿತ್ತು. ಅರ್ಧ ಏರಿದ ಮೇಲೆ ಕಾಡವ್ವನ ಹಿಂಗಾಲು ಜಾರಿತು. ಕೂತಳು.

“ಯಣ್ಣಾ, ತಡಿ. ಉಸರು ತಗೋತೇನಿ.”

ಮೊದಲ ಏಟು ಮೊಂಡ್ಯಾನ ಬೆನ್ನಿಗೆ ಬಿತ್ತು. ತಡೆದುಕೊಂಡ. ಎರಡನೆಯದು ಹಳೇ ಗಾಯದ ಮೇಲೇ ಕೂತಿತು. ತಡೆದುಕೊಂಡ. “ಈ ಬೋಳಿಮಗನೂ ಕೆಟ್ಟನಲ್ಲೋ!” ಎಂದು ಸಾತಪ್ಪ ಕೋಲು ತಿರುವಿ ಹಿಡಿದ. ತುದಿಯಲ್ಲಿ ಮೊಳೆ ಇತ್ತು. ಅದು ಇನ್ನೂ ತಾಗಿರಲಿಲ್ಲ.

ಮೊಂಡ್ಯಾ ಒತ್ತಿದ.

ಅವಳು ಎದ್ದಳು. ದಿಮ್ಮಿ ಏರು ಹತ್ತಿತು. ಸಂಜೆ ಮತ್ತಿ ಮರದ ಕೆಳಗೆ ಕಾಡವ್ವ ಒದ್ದಾಡಿ ಕರು ಹಾಕಿದಳು. ಕೂದಲೂ ಸರಿಯಾಗಿ ಬಂದಿರಲಿಲ್ಲ. ಬೆಕ್ಕಿನ ಮರಿಯಂತೆ ಮುಚ್ಚಿದ ಕಣ್ಣು. ಅವಳು ಅದನ್ನು ನೆಕ್ಕಿ ನೆಕ್ಕಿ ಎಬ್ಬಿಸಲು ನೋಡಿದಳು. ಕಡೆಗೆ ರೇಣವ್ವ ಬಂದು ಸೆರಗಲ್ಲಿ ಎತ್ತಿಕೊಂಡು ಹೋಗಿ ಹೂತಳು. ಹೋಗುವಾಗ ಮೊಂಡ್ಯಾನ ಮುಂದೆ ನಿಂತು, “ನಿನ್ನ ಕುತಗ್ಯಾಗ ಹುಳ ಬೀಳಲಿ,” ಅಂದಳು.

ಸಾತಪ್ಪ ಹಿಂಡಿಯ ಬುಟ್ಟಿ ತಂದಿಟ್ಟ. ಮೊಂಡ್ಯಾ ಮೂಗು ತಿರುಗಿಸಬೇಕೆಂದುಕೊಂಡ. ಹೊಟ್ಟೆ ಹಸಿದಿತ್ತು. ತಿಂದ. ಎಂದಿನಂತೆ ರುಚಿಯಾಗಿಯೇ ಇತ್ತು. ತಿನ್ನುವುದನ್ನು ಅವಳು ನೋಡಿದಳು.

ಅಲ್ಲಿಂದ ಮುಂದೆ ಕಾಡವ್ವ ಮಾತಾಡಲಿಲ್ಲ. ನಾಲ್ಕನೆಯ ದಿನ ಅವಳನ್ನು ಮತ್ತೆ ಹೂಡಿದರು. ಈಗ ಕೂರುತ್ತಿರಲಿಲ್ಲ. ಸಾಲಿ ಮುಗಿದಿತ್ತು. “ಹಿಂಗ ನಡದ್ರ ಇದನ್ನ ಬ್ಯಾರೇ ಕೋಣಕ್ಕ ಗುರು ಮಾಡೂಣು,” ಅಂದ ಧಣಿ. ರಾತ್ರಿ ಕಣ್ಣು ಮುಚ್ಚಿದರೆ ಮೊಂಡ್ಯಾನಿಗೆ ಆ ನೆಕ್ಕುವ ಸದ್ದು ಕೇಳುತ್ತಿತ್ತು. ಚಪ್ಪರದ ಕೆಳಗಿಂದ ಎದ್ದು ಹೊರಗೆ ಇಬ್ಬನಿಯಲ್ಲಿ ನಿಂತ. ಅದನ್ನು ಯಾರೂ ಗಮನಿಸಲಿಲ್ಲ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಖಾನಾಪುರದ ಸ್ಟೇಶನ್ನಿನಲ್ಲಿ ವ್ಯಾಗನ್ನು ಸಿಗಲಿಲ್ಲ. ಕಡೆಯ ಕಂಬಗಳನ್ನು ಬಂಡಿಗೆ ಹೇರಿ ರಸ್ತೆಯಲ್ಲೇ ಬೆಳಗಾವಿಗೆ ಹೊಡೆದರು. ಮೊಂಡ್ಯಾ, ಕಾಡವ್ವ ಒಂದೇ ನೊಗಕ್ಕೆ. ಹಿಂದೆ ರೇಣವ್ವ ನಡೆದು ಬರುತ್ತಿದ್ದಳು. ಮರುದಿನ ಬಿಸಿಲೇರುವ ಹೊತ್ತಿಗೆ ಮಂಟಪದ ಹೆಬ್ಬಾಗಿಲು ಕಂಡಿತು. ಮಾವಿನ ತೋರಣ, ಸಾಲುಸಾಲು ಬಿಳಿ ಟೊಪ್ಪಿಗೆ.

ಬಾಗಿಲಿಗೆ ಇಪ್ಪತ್ತು ಹೆಜ್ಜೆ ಇರುವಾಗ ಮೊಂಡ್ಯಾ ನಿಂತ. ಮುಂಗಾಲು ಮಡಚಿದ. ಹಿಂಗಾಲು ಮಡಚಿದ. ದಾರಿಯ ನಡುವೆ, ಅಷ್ಟೂ ಮಂದಿಯ ಮುಂದೆ ಕೂತ.

“ಏಯ್! ಏನಾತೋ ನಿನಗ?” ಸಾತಪ್ಪ ಗಾಬರಿಯಾದ. ಕೋಲೆತ್ತಿದ. ಧಣಿ ಓಡಿಬಂದು ಅವನ ರಟ್ಟೆ ಹಿಡಿದ.

“ಇಲ್ಲಿ ಹೊಡೀಬ್ಯಾಡೋ ಹುಚ್ಚಾ! ಅಹಿಂಸಾದವರು ನೋಡಾಕತ್ತಾರ. ಬಂಡ್ಯಾಗಿನ ಖಾದಿ ಚಾದರ ತಗದು ಸುತ್ತೂ ಮರೆ ಮಾಡು. ಆಮ್ಯಾಲ ಬಾಲದ ಬುಡಕ ಹುಲ್ಲಿಟ್ಟು ಬೆಂಕಿ ಹಚ್ಚು. ಲಗು!”

ಆಳುಗಳು ಚಾದರ ಹಿಡಿದರು. ಬೆಳ್ಳಗಿನ ಗೋಡೆಯೊಂದು ಸುತ್ತ ನಿಂತಂತಾಯಿತು. ಒಳಗೆ ಬರೀ ಅವರು: ಎರಡು ಕರಿ ಮೈ, ಸಾತಪ್ಪ, ರೇಣವ್ವ.

ಕಾಡವ್ವ ಇನ್ನೂ ನಿಂತಿದ್ದಳು. ನೊಗ ಅವಳ ಕಡೆ ಎತ್ತರಕ್ಕೆ ವಾಲಿತ್ತು. ಒಂದೇ ಒಂದು ಸಲ ಕುತ್ತಿಗೆ ತಗ್ಗಿಸಿದರೆ ಸಾಕು, ಹಗ್ಗ ಅವನ ಗಂಟಲಿಗೆ ಬರುತ್ತದೆ. ಅವನೇ ಕಲಿಸಿದ ಪಾಠ. ಮೊಂಡ್ಯಾ ಗಂಟಲು ಚಾಚಿ ಕಾದ.

“ಒತ್ತವ್ವಾ,” ಅಂದ. “ನಿಂದು ಬಾಕಿ ಐತಿ.”

ಕಾಡವ್ವ ಕುತ್ತಿಗೆ ತಗ್ಗಿಸಿದಳು. ಹಗ್ಗ ಬಿಗಿಯಾಯಿತು. ಅವನಿಗೆ ಕಣ್ಣು ಕತ್ತಲಿಟ್ಟಿತು. ಆಗ ಸಡಿಲ ಬಿಟ್ಟಳು.

“ನೀ ಇಲ್ಲಿ ಕುಂತ್ರ ನನ್ನ ಕೂಸು ಬರಂಗಿಲ್ಲ,” ಅಂದಳು.

“ಗೊತ್ತೈತಿ.”

“ಗೊತ್ತಿರಲಿ.”

ಅವನ ಕಡೆ ನೋಡದೆ ಮುಖ ಆಚೆ ತಿರುಗಿಸಿ, ಅವಳೂ ಮೊಣಕಾಲು ಮಡಚಿದಳು. ನೊಗ ಸಮವಾಯಿತು.

ಬಾಲದ ಹತ್ತಿರ ಹುಲ್ಲಿನ ಸಿಂಬಿ ಇಟ್ಟದ್ದು ಮೊಂಡ್ಯಾನಿಗೆ ತಿಳಿಯಿತು. ಕಡ್ಡಿ ಗೀರಿದ ಸದ್ದು. ಹತ್ತಲಿಲ್ಲ. ಸಾತಪ್ಪ ಇನ್ನೊಂದು ಗೀರಿದ.

“ಹಚ್ಚು,” ಅಂದಳು ರೇಣವ್ವ ಗಂಡನಿಗೆ. “ನಾ ಇಲ್ಲೇ ನಿಂತೇನಿ. ನೋಡತೇನಿ, ಹಚ್ಚು.”

ಚಾದರದ ಆಚೆ ಯಾರೋ ಜಯಕಾರ ಹಾಕಿದರು. ಗಂಧಕದ ವಾಸನೆ ಬಂತು. ಸಾತಪ್ಪನ ಕೈಯಲ್ಲಿ ಕಡ್ಡಿ ಉರಿಯುತ್ತಿತ್ತು, ಬೆರಳಿನ ತನಕ ಬಂದಿತ್ತು, ಹುಲ್ಲಿಗೆ ಇನ್ನೂ ತಾಗಿರಲಿಲ್ಲ. ಮೊಂಡ್ಯಾ ಮೆಲುಕು ಹಾಕಲು ಶುರು ಮಾಡಿದ. ಬಾಯಿಗೆ ಬಂದದ್ದು ನಿನ್ನೆಯ ಹಿಂಡಿ.