ಶೇಂಗಾ ಗೋದಾಮಿನ ಗ್ಲೈಡರ್

“ಬೆಳಿಗ್ಗೆ ಒಂದು ಲೆಕ್ಕ, ಊಟ ಮಾಡಿ ಬಂದ್ರೆ ಇನ್ನೊಂದು ಲೆಕ್ಕ. ಹೆಂಗಾಗ್ತೈತೆ ಇದು?”

ನಾಗರಾಜಪ್ಪ ಕೇಳಿದ್ದು ಯಾರನ್ನೂ ಅಲ್ಲ. ಕಣ್ಣು ಗೋದಾಮಿನ ತೊಲೆಯ ಮೇಲಿತ್ತು. ತೊಲೆಗೆ ಬಿಗಿದ ಹಗ್ಗಗಳಲ್ಲಿ ಅವನೇ ಕಟ್ಟಿದ ಗ್ಲೈಡರ್, ಎಂಜಿನ್ನಿಲ್ಲದ ಒಂಟಿ ಸೀಟಿನ ವಿಮಾನ, ಮೆಲ್ಲಗೆ ಹೋಗಿ ಬರುತ್ತಿತ್ತು.

ವಾಯುಪಡೆಯಲ್ಲಿ ಬಡಗಿಯಾಗಿದ್ದು ನಿವೃತ್ತನಾಗಿ ತನ್ನೂರು ಸೊಕ್ಕೆಗೆ ಮರಳಿದವನು ಅವನು. ಎಂಬತ್ತೆರಡನೇ ಇಸವಿಯಲ್ಲಿ ಜಗಳೂರಿನ ಈ ಖಾಲಿ ಶೇಂಗಾ ಗೋದಾಮು ಸಿಕ್ಕಿತು. ಅಂದಿನಿಂದ ಮರ, ಅಂಟು, ಬಟ್ಟೆ, ಇಷ್ಟೇ ಅವನ ಲೋಕ. ಈಗ ಹಾರಿಸುವುದೊಂದು ಬಾಕಿ. ಅದಕ್ಕೆ ಓಂಕಾರಪ್ಪನವರು ಹೂಂ ಅನ್ನಬೇಕಿತ್ತು. ಹೊನ್ನಾಳಿ ಕಡೆಯ ಆ ವಿಮಾನ ಎಂಜಿನಿಯರು ರಜೆಯಲ್ಲಿ ಊರಿಗೆ ಬಂದಿದ್ದರು. ಸಂಜೆಯ ಬಸ್ಸಿಗೆ ಹೊರಟರೆ ಮತ್ತೆ ಬರುವುದು ಬರುವ ವರ್ಷವೇ.

“ತೂಗಿಬಿಟ್ಟಾಗ ಎಷ್ಟು ನಿಧಾನಕ್ಕೆ ಹೋಗಿ ಬರ್ತೈತೋ, ಮ್ಯಾಲೆ ತಿರುಗಿಸುವಾಗ ಎಷ್ಟು ಮೊಂಡು ಹಿಡಿತೈತೆ ಅನ್ನೋದು ಅದರಾಗೇ ಗೊತ್ತಾಗ್ತೈತ್ರಿ,” ಎಂದು ಅವರು ಬೆಳಿಗ್ಗೆಯೇ ಹೇಳಿದ್ದರು. “ಎರಡು ಲೆಕ್ಕ ತಾಳೆ ಆಗದಿದ್ರೆ ನಾನು ಹಾರ್ಸಿ ಅನ್ನಾಕಿಲ್ಲ.”

ತಾಳೆ ಆಗಲಿಲ್ಲ. ಓಂಕಾರಪ್ಪನವರು ಹಗ್ಗದ ಗಂಟುಗಳನ್ನು ಎಳೆದು ನೋಡಿದರು. ನಾಗರಾಜಪ್ಪ ಸೀಟಿನ ಹಿಂದೆ ಕೈ ಹಾಕಿದ. ತಣ್ಣಗಿನದೇನೋ ತಾಕಿತು. ಎರಡೂ ಕೈಯಿಂದ ಹೊರಗೆತ್ತಿದರೆ ಎಣ್ಣೆ ಸವರಿದ ಗುಂಡುಕಲ್ಲು. ಅದರ ತಲೆಗೆ ಹಸಿರು ಕುಲಾವಿ.

“ಅವ್ವಾ,” ಎಂದ.

ತಾಯಿ ಅಜ್ಜಮ್ಮ ಬಾಗಿಲ ಬಳಿ ಚಾಪೆಯ ಮೇಲೆ ಕೂತಿದ್ದಳು. “ಯಾಕೋ? ಖಾಲಿ ತೊಟ್ಲು ತೂಗ್ತಾರೇನೋ ಯಾರಾದ್ರೂ? ಹೆಸರಿಡೋ ದಿನ ಕೂಸಿಗಿಂತ ಮುಂಚೆ ಕಲ್ಲಿನ ಗುಂಡಪ್ಪನ್ನೇ ಅಲ್ವೇನು ಮಲಗ್ಸೋದು?”

“ಇದು ತೊಟ್ಲಲ್ಲ, ಇಮಾನ.”

“ಹಗ್ಗ ಕಟ್ಟಿ ತೂಗ್ತಾ ಇದ್ದೀಯ. ನನ್ನ ಕಣ್ಣಿಗೆ ತೊಟ್ಲೇ. ನಾಳೆ ಅದರಾಗೆ ಕೂರೋನು ನನ್ನ ಮಗ. ಖಾಲಿ ತೂಗಾಕೆ ಬಿಡಾಕಿಲ್ಲ.”

ಓಂಕಾರಪ್ಪನವರು ನಗು ತಡೆದುಕೊಂಡು ಗಡಿಯಾರ ನೋಡಿದರು. “ಹೋಗ್ಲಿ, ಯಾರನ್ನಾದ್ರೂ ಕೂರ್ಸಿ ತೂಗಣ. ಅವರ ಪಾಲು ಕಳೆದ್ರೆ ಬೆಳಗಿನ ಲೆಕ್ಕಾನೇ ಬರಬೇಕು. ಆದ್ರೆ ಕೂತವರು ಅಲುಗಬಾರ್ದು.”

“ನಾನು ಕೂರ್ತೀನ್ರಿ.”

“ನೀವಾ? ನಿಂತಲ್ಲೇ ಕಾಲು ಕುಣೀತಾ ಐತೆ ನಿಮ್ಮದು.”

ಇಬ್ಬರ ಕಣ್ಣೂ ಚಾಪೆಯ ಕಡೆಗೆ ಹೊರಳಿದವು. ಶ್ರಾವಣದ ಪುರಾಣದಲ್ಲಿ ಓದುವವರ ದನಿ ಏರಲಿ, ಇಳಿಯಲಿ, ಮಂಗಳದವರೆಗೂ ಅಜ್ಜಮ್ಮನ ಸೆರಗು ಕೂಡ ಅಲುಗುತ್ತಿರಲಿಲ್ಲ. ಪದ್ಯ ಅವಳೊಳಗೆ ಇಳಿಯುತ್ತಿತ್ತು, ಕೆರೆಗೆ ನೀರು ಇಳಿದಂತೆ.

ಶೇಂಗಾ ಚೀಲ ತೂಗುವ ತಕ್ಕಡಿಯಲ್ಲೇ ಅವಳನ್ನು ತೂಗಿದರು. “ಸಿಪ್ಪೆ ಸುಲೀದೇನೇ ತೂಗ್ತೀರಲ್ಲಪ್ಪ,” ಎಂದಳು. ಸೀಟಿಗೆ ಏರಿಸಿದ್ದೇ ಹಣೆಯ ವಿಭೂತಿ ಮುಟ್ಟಿಕೊಂಡು, ಎರಡೂ ಕೈ ಮಡಿಲಲ್ಲಿಟ್ಟು, ಕಣ್ಣು ಮುಚ್ಚಿದಳು.

ನಾಗರಾಜಪ್ಪ ರೆಕ್ಕೆಯ ತುದಿಯನ್ನು ಕೊಂಚ ಸರಿಸಿ ಕೈಬಿಟ್ಟ. ಗ್ಲೈಡರ್ ಹೋಯಿತು, ಬಂತು. ಬಲ್ಲವರು ಷಟ್ಪದಿ ಓದಿದ ಹಾಗೆ, ಎಲ್ಲಿಯೂ ಅವಸರವಿಲ್ಲ, ಎಲ್ಲಿಯೂ ತಡವರಿಕೆಯಿಲ್ಲ. ಮೂಲೆಯಲ್ಲಿದ್ದ ಗುಬ್ಬಿಗಳೂ ಸುಮ್ಮನಾದವು. ಓಂಕಾರಪ್ಪನವರು ಸ್ಟಾಪ್‌ವಾಚ್ ಒತ್ತಿ ನಿಲ್ಲಿಸಿದರು, ಕಾಗದದ ಮೇಲೆ ಕೂಡಿದರು, ಕಳೆದರು, ಮತ್ತೊಮ್ಮೆ ತೂಗಿಸಿದರು. ಅವರ ಪೆನ್ನು ಹೋದಲ್ಲೆಲ್ಲ ನಾಗರಾಜಪ್ಪನ ಕಣ್ಣೂ ಹೋಗುತ್ತಿತ್ತು.

“ಬೆಳಗಿನ ಲೆಕ್ಕಾನೇ ಬಂತು,” ಎಂದರು ಕೊನೆಗೆ. “ಹಾರ್ಸಿ ನಾಗರಾಜಪ್ಪ.”

ನಾಗರಾಜಪ್ಪ ತೊಲೆಗೊಂದು, ಹಗ್ಗಕ್ಕೊಂದು, ಓಂಕಾರಪ್ಪನವರಿಗೊಂದು ಕೈ ಮುಗಿದ. ಆಮೇಲೆ ತಾಯಿಯ ಬಳಿ ಹೋಗಿ ಕೈ ಚಾಚಿದ.

“ಆತವ್ವ, ಎಲ್ಲಾ ಮುಗೀತು. ಇಳಿ. ಬಸ್ಸಿಗೆ ಹೊತ್ತಾತು.”

ಅಜ್ಜಮ್ಮ ಕಣ್ಣು ತೆರೆದಳು. ಎಡಕ್ಕೊಂದು ರೆಕ್ಕೆ, ಬಲಕ್ಕೊಂದು ರೆಕ್ಕೆ ನೋಡಿಕೊಂಡಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೀಟಿನಲ್ಲಿ ಇನ್ನೂ ಹಿಂದಕ್ಕೆ ಒರಗಿದಳು.

“ನಾನು ಇಳಿಯಾಕಿಲ್ಲ.”