ಸಾವಿನ ಮನೆಯಲ್ಲಿ ಎಡಗಣ್ಣು

ಫೋಟೋ ತೆಗೆಯುವ ಇಟ್ಟೂಪನ ಎಡಗಣ್ಣು ಕೇರಳದ ಪಾಲಾ ಪೇಟೆಗೆಲ್ಲ ಗೊತ್ತಿತ್ತು. ಮದುವೆ ಮನೆಯಲ್ಲಿ ಅವನು ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ, ಎಡಗಣ್ಣನ್ನು ಅಗಲವಾಗಿ ತೆರೆದುಕೊಂಡೇ ನಿಲ್ಲುತ್ತಿದ್ದ. ಆ ಕಣ್ಣು ತಮ್ಮನ್ನೇ ನೋಡುತ್ತಿದೆ ಅಂದುಕೊಂಡು ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಗಂಡಸರು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು. ಅದೇ ಇಟ್ಟೂಪ ಸಾವಿನ ಮನೆಗೆ ಹೋದರೆ ಎಡಗಣ್ಣನ್ನು ಗಟ್ಟಿಯಾಗಿ ಮುಚ್ಚಿಬಿಡುತ್ತಿದ್ದ. ದುಃಖದವರಿಗೆ ಕೊಡುವ ಮರ್ಯಾದೆ ಅಂತ ಜನ ತಿಳಿದಿದ್ದರು. ಜನಕ್ಕೇನು, ಏನು ಬೇಕಾದರೂ ತಿಳಿದುಕೊಳ್ಳುತ್ತಾರೆ.

ಅದನ್ನು ಹೇಳಿಕೊಟ್ಟವನು ಕೆಲಸ ಕಲಿಸಿದ ಗುರು ಪೈಲಿ ಆಶಾನ್. ಬೀಡಿ ಬಾಯಲ್ಲಿಟ್ಟುಕೊಂಡೇ ಪಾಠ ಹೇಳುವ ಮುಂಗೋಪಿ.

"ಗುಂಡಿ ಒತ್ತಿದಾಗ ಒಳಗಿನ ಕನ್ನಡಿ ಮೇಲೇಳತ್ತೆ. ಆ ಚಣ ನಿನ್ ಬಲಗಣ್ಣಿಗೆ ಬರೀ ಕತ್ತಲೆ. ಕ್ಯಾಮೆರಾ ನೋಡಿದ್ದು ನಿಂಗೆ ಕಾಣಲ್ಲ, ಇನ್ನೊಂದು ಕಣ್ಣು ಬಿಟ್ಕೊಂಡಿದ್ರೆ ಅದಕ್ಕೆ ಕಾಣತ್ತೆ. ಅದಕ್ಕೇ ಮದ್ವೇಲಿ ಎರಡೂ ಬಿಡು. ಸಾವಿನ ಮನೇಲಿ ಎಡಗಣ್ಣು ಮುಚ್ಚು."

"ಯಾಕೆ ಆಶಾನ್?"

"ಮುಚ್ಚು ಅಂದ್ರೆ ಮುಚ್ಚು. ಕಣ್ಣು ಮುಚ್ಚೋಕೂ ನಿಂಗೆ ಕಾರಣ ಬೇಕೇನೋ?"

ಶವಪೆಟ್ಟಿಗೆ ಇಗರ್ಜಿಗೆ ಹೊರಡುವ ಮುಂಚೆ ಮನೆಮಂದಿಯೆಲ್ಲ ಅದರ ಸುತ್ತ ನಿಂತು ಫೋಟೋ ತೆಗೆಸಿಕೊಳ್ಳುವುದು ಅಲ್ಲಿನ ನಸ್ರಾಣಿ ಕ್ರೈಸ್ತರ ಮನೆಗಳ ಪದ್ಧತಿ. ಒಂದರಲ್ಲಿ ಯಾರಾದರೂ ಕಣ್ಣು ಮಿಟುಕಿಸಿರುತ್ತಾರೆ ಎಂದು ಎರಡು ತೆಗೆಯುತ್ತಾರೆ. ಆಶಾನ್ ತೀರಿಕೊಂಡ ಮೇಲೆ ಇಟ್ಟೂಪನಿಗೆ ಸ್ವಲ್ಪ ಜಂಬ ಬಂತು. ದೋಣಿ ನಡೆಸುವ ತೊಮ್ಮಿಯ ಅಪ್ಪ ಸತ್ತಾಗ ಎರಡೂ ಕಣ್ಣು ತೆರೆದು ಫೋಟೋ ತೆಗೆದ. ಬೆಳಕು ಫಕ್ಕನೆ ಮಿಂಚಿದಾಗ ತೊಮ್ಮಿ ಅತ್ತು ಕೆಂಪಾದ ಕಣ್ಣುಗಳನ್ನು ಇಷ್ಟಗಲ ಬಿಟ್ಟುಕೊಂಡಿದ್ದನ್ನು ಅವನ ಎಡಗಣ್ಣು ನೋಡಿತು. ತೊಳೆದ ಫೋಟೋದಲ್ಲಿ ಮಾತ್ರ ತೊಮ್ಮಿಯ ರೆಪ್ಪೆಗಳು ಮೆತ್ತಗೆ ಕೂಡಿಕೊಂಡಿದ್ದವು, ನಿದ್ದೆ ಹೋದವನ ಹಾಗೆ. ಅಪ್ಪನ ನಲವತ್ತೊಂದನೆಯ ದಿನದ ಪ್ರಾರ್ಥನೆಗೆ ಮುಂಚೆಯೇ ತೊಮ್ಮಿಯ ಪೆಟ್ಟಿಗೆ ಅದೇ ಅಂಗಳಕ್ಕೆ ಬಂತು.

ಕಾಕತಾಳೀಯ ಎಂದು ಸಮಾಧಾನ ಮಾಡಿಕೊಂಡ. ಇನ್ನೊಂದು ಸಾವಿನ ಮನೆಯಲ್ಲಿ ಅನ್ನಮ್ಮ ಚೇಚಿ ಎಂಬುವಳ ವಿಷಯದಲ್ಲೂ ಹಾಗೇ ಆದಾಗ ಇಟ್ಟೂಪ ಎರಡೂ ಮನೆಗಳ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿದ. ಆಗ ಅವನಿಗೆ ಆಶಾನನ ಮಾತು ಅರ್ಥವಾಯಿತು. ತನ್ನ ಎಡಗಣ್ಣು ಮುಚ್ಚಿಕೊಂಡಿದ್ದರೆ ಫೋಟೋದಲ್ಲಿ ಇನ್ನೊಬ್ಬರ ಮುಚ್ಚಿದ ಕಣ್ಣು ಬರೀ ರೆಪ್ಪೆ ಬಡಿದದ್ದು, ಅಷ್ಟೇ. ಅಲ್ಲ ಎನ್ನಲು ಸಾಕ್ಷಿಯಿಲ್ಲ. ಅಂದಿನಿಂದ ಸಾವಿನ ಮನೆಯಲ್ಲಿ ಅವನು ಆ ಕಣ್ಣು ತೆರೆಯಲಿಲ್ಲ.

ಹೀಗಿರುವಾಗ ಅವನ ಅತ್ತೆಯೇ ತೀರಿಕೊಂಡಳು. ಎಲ್ಲರ ಪಾಲಿಗೆ ಅವಳು ಅಮ್ಮಚ್ಚಿ. ಇಟ್ಟೂಪನ ಮಗಳು ಲಿಲ್ಲಿ ಹಾಲು ಬಿಟ್ಟಾಗಿನಿಂದ ಮಲಗುತ್ತಿದ್ದದ್ದು ಅಮ್ಮಚ್ಚಿಯ ಕಂಕುಳಲ್ಲೇ. ಅವಳ ಕಿವಿಯ ಬಳೆಯಂಥ ಚಿನ್ನದ ಓಲೆ ಹಿಡಿದುಕೊಳ್ಳದೆ ಹುಡುಗಿಗೆ ನಿದ್ದೆ ಬರುತ್ತಿರಲಿಲ್ಲ. ಇಟ್ಟೂಪ ಕ್ಯಾಮೆರಾ ಹೊತ್ತುಕೊಂಡು ಬಂದಾಗ ಹೆಂಡತಿ ತ್ರೇಸ್ಯ ಅವನ ತೋಳು ಹಿಡಿದು ಅತ್ತಳು.

"ಅಚ್ಚಾಯ, ಕೊನೇ ಮಾತು ಏನು ಹೇಳಿದ್ಲು ಗೊತ್ತಾ? ನಂಗೆ ಒಬ್ಳೇ ಮಲಗಿ ಅಭ್ಯಾಸ ಇಲ್ಲ, ಲಿಲ್ಲೀನ ಕರ್ಕೊಂಬನ್ನಿ ಅಂದ್ಲು. ಪಾಪ, ಅಷ್ಟು ಜೀವ ಮಗು ಮೇಲೆ."

ಹೆಂಡತಿಗೆ ಅದು ಪ್ರೀತಿಯ ಮಾತಾಗಿ ಕೇಳಿಸಿತ್ತು. ಪ್ರೀತಿಯ ಮಾತೇ ಇರಬಹುದು, ಇಟ್ಟೂಪನಿಗೆ ಭಯವಾದದ್ದೂ ಅದಕ್ಕೇ. ಬೇರೆ ಫೋಟೋದವನನ್ನು ಕರೆಸಿ ಎಂದ. ಭಾವಮೈದ ವರ್ಕಿ ಕೇಳಲಿಲ್ಲ.

"ಮನೇಲೇ ಫೋಟೋ ತೆಗೆಯೋ ಅಳಿಯ ಇಟ್ಕೊಂಡು ಹೊರಗಿನೋನನ್ನ ಕರೆಸಿದ್ರೆ ಅಮ್ಮಚ್ಚಿ ಪೆಟ್ಟಿಗೇಲಿ ಎದ್ದು ಕೂತು ಬಯ್ತಾಳೆ, ಭಾವ."

ಲಿಲ್ಲಿಯನ್ನು ಒಳಗೆ ಕೂರಿಸಿ ಎಂದ. ಅದಕ್ಕೂ ಯಾರೂ ಒಪ್ಪಲಿಲ್ಲ. ಅಮ್ಮಚ್ಚಿಯ ಕಣ್ಮಣಿಯನ್ನು ಬಿಟ್ಟು ಫೋಟೋನೇ? ಅಂಗಳದ ಚಪ್ಪರದ ಕೆಳಗೆ, ಬೆಂಚಿನ ಮೇಲಿಟ್ಟ ಪೆಟ್ಟಿಗೆಯ ತಲೆದೆಸೆಯಲ್ಲೇ ಅವಳನ್ನು ನಿಲ್ಲಿಸಿದರು. ಅಮ್ಮಚ್ಚಿ ಬಿಳಿ ರವಿಕೆ-ಮುಂಡು ತೊಟ್ಟು, ಜಪಮಾಲೆ ಹಿಡಿದು, ನಡುಹಗಲಿನ ಬೆಳಕಿನಲ್ಲಿ ಮಲಗಿದ್ದಳು. ಇಟ್ಟೂಪ ಮೂರು ಕಾಲಿನ ಸ್ಟ್ಯಾಂಡಿಗೆ ಕ್ಯಾಮೆರಾ ಬಿಗಿದು ಎಡಗಣ್ಣು ಮುಚ್ಚಿದ. ಬೆರಳು ಗುಂಡಿಯ ಮೇಲೆ ಊರುವಾಗ ಅವನೊಳಗಿನ ಅಪ್ಪ ತಡೆದುಕೊಳ್ಳಲಾರದೆ ಹೋದ. ಕಣ್ಣು ತಾನಾಗಿ ತೆರೆದುಕೊಂಡಿತು.

ಬೆಳಕು ಮಿಂಚಿತು. ಬಲಗಣ್ಣಿಗೆ ಕತ್ತಲೆ, ಎಡಗಣ್ಣಿಗೆ ಲಿಲ್ಲಿ. ಅವಳು ನೇರವಾಗಿ ಅವನನ್ನೇ ನೋಡುತ್ತಿದ್ದಳು, ಎರಡೂ ಕಣ್ಣು ಪೂರ್ತಿ ತೆರೆದು. ಬೈಬಲ್ ಮುಟ್ಟಿ ಬೇಕಾದರೂ ಹೇಳುತ್ತಿದ್ದ.

"ಇನ್ನೊಂದಕ್ಕೆ ನೀವೂ ಬನ್ನಿ ಭಾವ," ಎಂದು ವರ್ಕಿ ಕೂಗಿದ. "ಇರೋನು ಒಬ್ಬನೇ ಅಳಿಯ. ಫೋಟೋದಲ್ಲಿಲ್ಲ ಅಂದ್ರೆ ಆಸ್ತಿ ಜಗಳ ಅಂತ ಊರೆಲ್ಲ ಸಾರ್ತಾರೆ. ಅದು ತಾನೇ ತೆಗೆಯೋ ಹಂಗೆ ಒಂದು ಕೀಲಿ ಇದ್ಯಲ್ಲ, ಹಾಕ್ಬಿಟ್ಟು ಬನ್ನಿ."

ಇಟ್ಟೂಪ ಕೀಲಿ ತಿರುಗಿಸಿ ಓಡಿಬಂದು ಮಗಳ ಹಿಂದೆ ನಿಂತ. ಅವಳ ಹೆಗಲ ಮೇಲೆ ಎರಡೂ ಕೈ ಇಟ್ಟ. ಕ್ಯಾಮೆರಾ ಅಂಗಳದಲ್ಲಿ ಒಂಟಿಯಾಗಿ ಜೀರುಂಡೆಯ ಹಾಗೆ ಜುಂಯ್ ಅನ್ನುತ್ತಿತ್ತು. ಅದರ ಹಿಂದೆ ಯಾರೂ ಇರಲಿಲ್ಲ. ಆದರೂ ಯಾರೋ ಬಗ್ಗಿ ನೋಡುತ್ತಾ, ಯಾರನ್ನು ಆರಿಸಲಿ ಅಂತ ಸಾಲಿನ ಉದ್ದಕ್ಕೂ ಕಣ್ಣಾಡಿಸಿದಂತೆ ಅವನಿಗೆ ಅನ್ನಿಸಿತು. ಪೆಟ್ಟಿಗೆಯ ಕಡೆ ತಲೆ ಬಗ್ಗಿಸಿ ಪಿಸುಗುಟ್ಟಿದ.

"ಅಮ್ಮಚ್ಚಿ, ಮಗು ಬೇಡ. ಜೊತೆ ಬೇಕೇ ಬೇಕು ಅಂದ್ರೆ ನಾನಿದೀನಿ."

ತಲೆಯೆತ್ತಿ ಕಣ್ಣು ಕಿತ್ತುಬರುವಷ್ಟು ತೆರೆದ. ಬೆಳಕು ಮಿಂಚಿದ್ದು, ಆಮೇಲೆ ಎದುರಿಗೆ ಹಸಿರು ಚುಕ್ಕೆಗಳು ಕುಣಿದದ್ದು, ಎಲ್ಲವನ್ನೂ ನೋಡಿದ. ರೆಪ್ಪೆ ಬಡಿಯಲಿಲ್ಲ.

ಫೋಟೋ ತೊಳೆಯುವ ಧೈರ್ಯ ಬಂದದ್ದು ಕೆಲವು ದಿನಗಳ ಮೇಲೆ. ತನ್ನ ಸ್ಟುಡಿಯೋದ ಕತ್ತಲೆ ಕೋಣೆಯ ಕೆಂಪು ದೀಪ ಹಾಕಿ, ಮೊದಲ ಫೋಟೋದ ಕಾಗದವನ್ನು ತಟ್ಟೆಯ ದ್ರಾವಣಕ್ಕೆ ಇಳಿಬಿಟ್ಟ. ಯಾವಾಗಲೂ ಕಪ್ಪಗಿರುವುದೇ ಮೊದಲು ಮೂಡುತ್ತದೆ. ತಲೆಗೂದಲು ಬಂತು, ವರ್ಕಿಯ ಮೀಸೆ ಬಂತು. ಆಮೇಲೆ ಮೆಣಸಿನಕಾಳು ಉದುರಿಸಿದಂತೆ ಒಬ್ಬೊಬ್ಬರ ಮುಖದಲ್ಲಿ ಕಣ್ಣುಗುಡ್ಡೆಗಳು ಬಂದವು. ಲಿಲ್ಲಿಯ ಮುಖದಲ್ಲಿ ಬರಲಿಲ್ಲ. ಇಟ್ಟೂಪ ಕಾದ. ಈಗ ಬಂದೀತು, ಇನ್ನೊಂದು ಗಳಿಗೆಗೆ ಬಂದೀತು ಎಂದು ಕಾದೇ ಕಾದ. ಕಾಗದ ಕಪ್ಪಿಟ್ಟು ಇಡೀ ಸಂಸಾರ ಮುಳುಗಿಹೋದರೂ ಆ ಕಣ್ಣುಗಳು ತೆರೆಯಲಿಲ್ಲ.

ಗೋಡೆಗೆ ಹಣೆ ಒತ್ತಿ ಅತ್ತ. ಮಾಡಲಿಕ್ಕೆ ಬೇರೇನೂ ತೋಚದೆ ಎರಡನೆಯದನ್ನು ಇಳಿಬಿಟ್ಟ. ಕೂದಲು ಬಂತು, ಮೀಸೆ ಬಂತು. ಲಿಲ್ಲಿಯ ಹುಬ್ಬು ಬಂತು. ಹುಬ್ಬಿನ ಕೆಳಗೆ ಎರಡು ಕರಿ ಚುಕ್ಕೆ, ಒಂದರ ಹಿಂದೆ ಒಂದು, ಮೂಡಿ ಬಂದು ಅವನನ್ನೇ ನೋಡಿದವು.

"ನನ್ನ ದೇವರೇ," ಎಂದು ನಕ್ಕುಬಿಟ್ಟ. ಆಮೇಲೆ ಅವಳ ತಲೆಯ ಮೇಲುಗಡೆ ನಿಂತಿದ್ದ ತನ್ನ ಮುಖ ನೋಡಿದ. ಮೂಗು ಬಂದಿತ್ತು, ಬಾಯಿ ಬಂದಿತ್ತು. ರೆಪ್ಪೆಗಳು ಮೆತ್ತಗೆ ಕೂಡಿಕೊಂಡಿದ್ದವು. ಹೆದರಿಕೆಯಾಗಲಿಲ್ಲ ಅಂದರೆ ಸುಳ್ಳು. ಬಹಳ ಹೆದರಿಕೆಯಾಯಿತು. ಆದರೂ ಎದೆಯ ಮೇಲಿನ ಬಂಡೆ ಇಳಿದಿತ್ತು.

ಮಧ್ಯಾಹ್ನ ತ್ರೇಸ್ಯ ಮಗಳ ಜೊತೆ ಸ್ಟುಡಿಯೋಗೆ ಊಟ ತಂದವಳು ಫೋಟೋ ನೋಡಿ, ತಾಯಿ ಸತ್ತ ಮೇಲೆ ಮೊದಲ ಸಲ ನಕ್ಕಳು.

"ಕಣ್ಣು ಮಿಟುಕಿಸಬೇಡಿ ಅಂತ ಊರೋರಿಗೆಲ್ಲ ಬಯ್ಯೋ ಮನುಷ್ಯ! ಇನ್ನೊಂದು ತೋರ್ಸಿ."

"ಅದು ಕೆಟ್ಟೋಯ್ತು. ಇದಕ್ಕೇ ಕಟ್ಟು ಹಾಕ್ಸೋಣ. ಲಿಲ್ಲಿ ಚೆನ್ನಾಗಿ ಬಂದಿದಾಳೆ."

ಮೊದಲನೆಯ ಫೋಟೋದ ಫಿಲ್ಮಿನ ತುಂಡನ್ನು ಅವನು ಆಗಲೇ ಸುಟ್ಟಿದ್ದ.

ಲಿಲ್ಲಿ ಫೋಟೋದ ಮೇಲೆ ಬೆರಳಿಟ್ಟಳು. "ಅಪ್ಪ, ನೀನು ಅಮ್ಮಚ್ಚಿ ಜೊತೆ ಮಲ್ಕೊಂಡಂಗೆ ಇದೀಯ."

"ಬಿಡ್ತು ಅನ್ನು!" ಎಂದು ತ್ರೇಸ್ಯ ಗದರಿದಳು.

"ಬಯ್ಯಬೇಡ್ವೆ," ಎಂದ ಇಟ್ಟೂಪ. "ನಲವತ್ತೊಂದನೇ ದಿನ ಯಾವಾಗ ಬರತ್ತೆ?"

"ಓಣಂ ಆದ್ಮೇಲೆ. ಯಾಕೆ?"

ಇಟ್ಟೂಪ ಲಿಲ್ಲಿಯನ್ನು ಎತ್ತಿ ಸ್ಟುಡಿಯೋದ ಎತ್ತರದ ಕುರ್ಚಿಯಲ್ಲಿ ಕೂರಿಸಿದ, ಹಣೆಗೆ ಬಿದ್ದ ಕೂದಲು ಹಿಂದಕ್ಕೆ ಸರಿಸಿದ. ಕ್ಯಾಮೆರಾಕ್ಕೆ ಬಲಗಣ್ಣು ಒತ್ತಿದ. ಗುಂಡಿ ಅದುಮಿದಾಗ ಆ ಕಣ್ಣಿನ ಮುಂದೆ ಕತ್ತಲೆ ಕವಿಯಿತು. ಇನ್ನೊಂದು ಕಣ್ಣಿನಿಂದ ಅವನು ಮಗಳನ್ನು ನೋಡಿಯೇ ನೋಡಿದ.